ಅಕ್ಕ-ತಂಗಿ, ಅಣ್ಣ-ತಮ್ಮ ಜೋಡಿ ಹಾಡುಗಾರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ 22 ವರ್ಷದಿಂದ ಕರ್ನಾಟಕ ಸಂಗೀತದ ಪಾಠ ಹೇಳುತ್ತಿದ್ದೇನೆ. ಪಾಠಕ್ಕೆ ಬರುವವರಲ್ಲಿ ಅಕ್ಕ-ತಂಗಿಯರು, ಅಣ್ಣ-ತಮ್ಮಂದಿರು ಬೇಕಾದಷ್ಟು. ಒಂದೇ ಆಟೋದಲ್ಲಿ ಬರುತ್ತಾರೆ, ಒಂದೇ ಪುಸ್ತಕ ನೋಡಿಕೊಂಡು ಹಾಡುತ್ತಾರೆ, ಒಂದೇ ಪೆನ್ಸಿಲ್‌ಗೆ ಜಗಳ ಆಡುತ್ತಾರೆ. ನಾನೂ ನಮ್ಮಕ್ಕನೂ ಮದುವೆಗೆ ಮುಂಚೆ 11 ವರ್ಷ ಜೋಡಿಯಾಗಿ ಹಾಡಿದವರು. ಹಾಗಾಗಿ ಅಪ್ಪ-ಅಮ್ಮಂದಿರು, ಮಕ್ಕಳು, ಕಛೇರಿ ಕೇಳಿ ಬಂದ ಅಕ್ಕಪಕ್ಕದವರು ಎಲ್ಲರೂ ಈ ವಿಷಯಕ್ಕೆ ನನ್ನನ್ನೇ ಹಿಡಿದು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ರೂಢಿಯಾದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಒಡಹುಟ್ಟಿದವರು ಒಟ್ಟಿಗೆ ಹಾಡುವ ಪದ್ಧತಿ ಎಷ್ಟು ಹಳೆಯದು?

ಹಳೆಯದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಚಿನ್ನಸ್ವಾಮಿ ಮತ್ತು ಬಾಲುಸ್ವಾಮಿ ಜೋಡಿಯಾಗಿ ಹಾಡುತ್ತಿದ್ದರು. ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು ಅನ್ನೋದು ಸಂಗೀತ ಕಲಿತವರಿಗೆಲ್ಲ ಗೊತ್ತು. ಅಣ್ಣ ಚಿನ್ನಸ್ವಾಮಿಯ ಪಕ್ಕ ಕೂತು ಹಾಡುತ್ತಿದ್ದರು ಅನ್ನೋದನ್ನು ಯಾರೂ ಅಷ್ಟಾಗಿ ನೆನೆಸಿಕೊಳ್ಳುವುದಿಲ್ಲ. 72 ಮೇಳಗಳನ್ನೂ, ಅಂದರೆ ಮೂಲ ರಾಗಗಳನ್ನೂ, ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದ ಮಹಾ ವೈದ್ಯನಾಥ ಅಯ್ಯರ್ ಅವರೂ ಅಣ್ಣ ರಾಮಸ್ವಾಮಿ ಶಿವನ್ ಜೊತೆ ಹಾಡುತ್ತಿದ್ದವರು.

ಆಗ ಸಂಗೀತ ಕಲಿಯುತ್ತಿದ್ದುದು ಮನೆಯಲ್ಲೇ. ಅಪ್ಪನೋ ಚಿಕ್ಕಪ್ಪನೋ ಗುರು. ಇಬ್ಬರು ಮಕ್ಕಳಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿಕೊಡುತ್ತಿದ್ದರು. ಒಟ್ಟಿಗೆ ಕಲಿತವರು ಒಟ್ಟಿಗೆ ಹಾಡಿದರು. ಮೈಕ್ ಇಲ್ಲದ ಕಾಲದಲ್ಲಿ ಎರಡು ಗಂಟಲು ಇದ್ದರೆ ಹಿಂದಿನ ಸಾಲಿನವರಿಗೂ ಕೇಳಿಸುತ್ತಿತ್ತು ಅನ್ನೋದೂ ಒಂದು ಅನುಕೂಲ ಆಗಿದ್ದಿರಬೇಕು ಅಂತ ನನಗನಿಸುತ್ತದೆ.

ಹೆಣ್ಣುಮಕ್ಕಳಲ್ಲಿ ನಾನು ಮೊದಲು ಹೇಳುವ ಹೆಸರು ಬೃಂದಾ-ಮುಕ್ತಾ. ವೀಣೆ ಧನಮ್ಮಾಳ್ ಅವರ ಮೊಮ್ಮಕ್ಕಳು. ಪದ, ಜಾವಳಿ ಅನ್ನುವ ಶೃಂಗಾರದ ಹಾಡುಗಳನ್ನು ಅವರು ನಿಧಾನವಾಗಿ, ಒಂದೊಂದು ಗಮಕವನ್ನೂ (ಸ್ವರದ ಬಳುಕನ್ನೂ) ಬಿಡಿಸಿ ಹಾಡುವುದು ಕೇಳಿದರೆ, ಇದು ಶಾಲೆಯಲ್ಲಿ ಕಲಿತದ್ದಲ್ಲ, ಮನೆಯ ನಡುಮನೆಯಲ್ಲಿ ಕಿವಿಗೆ ಬಿದ್ದು ಬಂದದ್ದು ಅಂತ ಗೊತ್ತಾಗಿಬಿಡುತ್ತದೆ. ಬೃಂದಾ ಅವರಿಗೆ 1976ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಬಂತು. ಇಬ್ಬರ ಹಳೆಯ ಧ್ವನಿಮುದ್ರಣಗಳು ಸಿಗುತ್ತವೆ. ಹುಡುಕಿ ಕೇಳಿ. ಒಂದು ಸಲ ಕೇಳಿದರೆ ಸಾಲದು.

‘ಬ್ರದರ್ಸ್’, ‘ಸಿಸ್ಟರ್ಸ್’ ಅಂತ ಹೆಸರಿದ್ದವರೆಲ್ಲ ನಿಜವಾಗಿಯೂ ಒಡಹುಟ್ಟಿದವರಾ?

ಅಲ್ಲ. ತುಂಬಾ ಜನ ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಆಲತ್ತೂರು ಸಹೋದರರು ಅಂತ ಪ್ರಸಿದ್ಧರಾದ ಶ್ರೀನಿವಾಸ ಅಯ್ಯರ್ ಮತ್ತು ಶಿವಸುಬ್ರಹ್ಮಣ್ಯ ಅಯ್ಯರ್ ಅಣ್ಣತಮ್ಮಂದಿರಲ್ಲ. ಒಬ್ಬರು ಗುರು ಆಲತ್ತೂರು ವೆಂಕಟೇಶ ಅಯ್ಯರ್ ಅವರ ಮಗ, ಇನ್ನೊಬ್ಬರು ಅದೇ ಗುರುವಿನ ಶಿಷ್ಯ. ಲಯದ ಮೇಲೆ ಅವರಿಗಿದ್ದ ಹಿಡಿತದ ಬಗ್ಗೆ ಮೃದಂಗದವರು ಇವತ್ತಿಗೂ ಕೈಮುಗಿದು ಮಾತಾಡುತ್ತಾರೆ. ಶಿವಸುಬ್ರಹ್ಮಣ್ಯ ಅಯ್ಯರ್‌ಗೆ 1964ರಲ್ಲಿ, ಶ್ರೀನಿವಾಸ ಅಯ್ಯರ್‌ಗೆ ಅದರ ಮುಂದಿನ ವರ್ಷ ಸಂಗೀತ ಕಲಾನಿಧಿ ಸಿಕ್ಕಿತು.

ರಾಧಾ-ಜಯಲಕ್ಷ್ಮಿ ಕೂಡ ಸ್ವಂತ ಅಕ್ಕ-ತಂಗಿ ಅಲ್ಲ, ಸಂಬಂಧದಲ್ಲಿ ಅಕ್ಕ-ತಂಗಿಯಾಗಬೇಕಿತ್ತು. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಶಿಷ್ಯೆಯರು. ರಾಧಾ-ಜಯಲಕ್ಷ್ಮಿ ಅವರ ಹತ್ತಿರ ಪಾಠವಾದ ಪ್ರಿಯಾ ಸಿಸ್ಟರ್ಸ್ ಮಾತ್ರ ಒಡಹುಟ್ಟಿದವರೇ. ಅಕ್ಕನ ಹೆಸರು ಷಣ್ಮುಖಪ್ರಿಯ, ತಂಗಿ ಹರಿಪ್ರಿಯ. ಷಣ್ಮುಖಪ್ರಿಯ ಅನ್ನೋ 56ನೇ ಮೇಳದ ಹೆಸರನ್ನು ಮಗಳಿಗೆ ಇಟ್ಟ ಮನೆಯಲ್ಲಿ ಸಂಗೀತ ಬಿಟ್ಟು ಬೇರೇನು ಕೇಳಿಸೀತು ಹೇಳಿ!

ಒಂದೇ ಗುರು, ಒಂದೇ ಪಾಠ, ಒಂದೇ ಚಾಪೆ. ಇಷ್ಟಿದ್ದರೆ ಒಡಹುಟ್ಟಿದ ಹಾಗೇ ಆಗುತ್ತದೆ. ಹಾಗಂತ ರಕ್ತಸಂಬಂಧಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಊರಿನ ಹೆಸರು ಯಾಕೆ ಇಟ್ಟುಕೊಳ್ಳುತ್ತಾರೆ?

ಕರೆಯೋಕೆ ಸುಲಭ, ಅಷ್ಟೆ. ಇಬ್ಬರ ಹೆಸರನ್ನೂ ಇನಿಷಿಯಲ್ ಸಮೇತ ಹೇಳುವಷ್ಟರಲ್ಲಿ ಶ್ರುತಿ ಇಳಿದುಹೋಗುತ್ತದೆ. ಬಾಂಬೆ ಸಿಸ್ಟರ್ಸ್, ಅಂದರೆ ಸಿ. ಸರೋಜಾ ಮತ್ತು ಸಿ. ಲಲಿತಾ, ಹುಟ್ಟಿದ್ದು ತ್ರಿಶೂರಿನಲ್ಲಿ, ಬೆಳೆದದ್ದು ಮುಂಬೈಯಲ್ಲಿ, ನೆಲೆಸಿದ್ದು ಚೆನ್ನೈಯಲ್ಲಿ. ಹೆಸರು ಮಾತ್ರ ಬಾಂಬೆ ಅಂತಲೇ ಉಳಿಯಿತು. ಹೈದರಾಬಾದ್ ಬ್ರದರ್ಸ್ ಅಂದರೆ ಶೇಷಾಚಾರಿ ಮತ್ತು ರಾಘವಾಚಾರಿ. ತ್ರಿಚೂರ್ ಬ್ರದರ್ಸ್ ಅಂದರೆ ಶ್ರೀಕೃಷ್ಣ ಮೋಹನ್ ಮತ್ತು ರಾಮ್‌ಕುಮಾರ್ ಮೋಹನ್. ಮಲ್ಲಾಡಿ ಅನ್ನೋದು ಮನೆತನದ ಹೆಸರು: ಶ್ರೀರಾಮಪ್ರಸಾದ್ ಮತ್ತು ರವಿಕುಮಾರ್, ವಿಜಯವಾಡದವರು, ಅಪ್ಪ ಮಲ್ಲಾಡಿ ಸೂರಿಬಾಬು ಅವರೇ ಗುರು. ‘ಮೈಸೂರು ಬ್ರದರ್ಸ್’ ಅಂತ ಪೋಸ್ಟರ್ ನೋಡಿ ಹಾಡು ಕೇಳಲು ಹೋದವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಆ ಬ್ರದರ್ಸ್, ಅಂದರೆ ನಾಗರಾಜ್-ಮಂಜುನಾಥ್, ಪಿಟೀಲು ವಿದ್ವಾಂಸರು. ಹೋದವರಿಗೇನೂ ನಷ್ಟವಾಗಲಿಲ್ಲ, ಪಿಟೀಲು ಕೇಳಿಕೊಂಡು ಖುಷಿಯಾಗಿ ಬಂದರು.

ಕನ್ನಡನಾಡಿನಲ್ಲಿ ಇಂಥ ಜೋಡಿ ಯಾರಿದ್ದಾರೆ?

ಮೊದಲ ಹೆಸರು ರುದ್ರಪಟ್ಟಣ ಸಹೋದರರು: ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್. ರುದ್ರಪಟ್ಟಣ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಹಳ್ಳಿ, ಕಾವೇರಿ ದಡದ ಮೇಲಿದೆ. ಆ ಒಂದು ಊರು ಕೊಟ್ಟಷ್ಟು ವಿದ್ವಾಂಸರನ್ನು ದೊಡ್ಡ ದೊಡ್ಡ ಪಟ್ಟಣಗಳೂ ಕೊಟ್ಟಿಲ್ಲ. ಆರ್.ಕೆ. ಶ್ರೀಕಂಠನ್ (1920-2014) ಆ ಊರಿನವರು. ವೈಣಿಕ ಆರ್.ಎನ್. ದೊರೆಸ್ವಾಮಿ, ಗಾಯಕ ಆರ್.ಕೆ. ಪದ್ಮನಾಭ ಕೂಡ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತೆಗಳ ಮಂದಿರ ಕಟ್ಟಿಸಿದ್ದಾರೆ. ಬೆಂಗಳೂರಿನಿಂದ ಬೆಳಗ್ಗೆ ಹೊರಟರೆ ನೋಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.

ರುದ್ರಪಟ್ಟಣ ಸಹೋದರರ ಹಾಡುಗಾರಿಕೆಯಲ್ಲಿ ನನಗೆ ಇಷ್ಟವಾಗುವುದು ಅದರ ತಾಳ್ಮೆ. ಕೃತಿಯ, ಅಂದರೆ ಮೊದಲೇ ರಚಿಸಿಟ್ಟ ಹಾಡಿನ, ಪಾಠ ಶುದ್ಧ, ಸಾಹಿತ್ಯದ ಉಚ್ಚಾರಣೆ ಸ್ಪಷ್ಟ. ಒಬ್ಬರನ್ನೊಬ್ಬರು ಮೀರಿಸಬೇಕು ಅನ್ನುವ ಆತುರ ಇಲ್ಲ.

ಕಛೇರಿಯಲ್ಲಿ ಇಬ್ಬರೂ ಹೇಗೆ ಹಂಚಿಕೊಂಡು ಹಾಡುತ್ತಾರೆ?

ಕೃತಿಯನ್ನು ಇಬ್ಬರೂ ಸೇರಿ ಹಾಡುತ್ತಾರೆ. ಸುಲಭ ಅನ್ನಿಸುತ್ತದೆ, ಆದರೆ ಸುಲಭ ಅಲ್ಲ. ಪಲ್ಲವಿಗೆ ಎಂಟು ಸಂಗತಿ, ಅಂದರೆ ಅದೇ ಸಾಲನ್ನು ಬೆಳೆಸಿ ಹಾಡುವ ಎಂಟು ಬಗೆ, ಇದ್ದರೆ ಎಂಟೂ ಒಂದೇ ಕ್ರಮದಲ್ಲಿ, ಒಂದೇ ಸಲ ಅಥವಾ ಎರಡೇ ಸಲ, ಮುಂಚೆ ಗೊತ್ತುಮಾಡಿಕೊಂಡ ಹಾಗೆ ಬರಬೇಕು. ಒಬ್ಬರು ಮೂರನೇ ಸಂಗತಿಗೆ ಹೋಗಿ ಇನ್ನೊಬ್ಬರು ಎರಡರಲ್ಲೇ ಉಳಿದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ಗೊತ್ತಾಗುತ್ತದೆ. ಉಸಿರು ತೆಗೆದುಕೊಳ್ಳುವ ಜಾಗವನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಇಬ್ಬರೂ ಒಂದೇ ಕಡೆ ಉಸಿರೆಳೆದರೆ ಅಲ್ಲೊಂದು ಗುಂಡಿ ಬೀಳುತ್ತದೆ. ಉದ್ದನೆಯ ಕಾರ್ವೆಯಲ್ಲಿ ಒಬ್ಬರು ಸ್ವರ ಹಿಡಿದುಕೊಂಡಿರುವಾಗ ಇನ್ನೊಬ್ಬರು ಉಸಿರು ಎಳೆದುಕೊಂಡು ಬಂದು ಸೇರಿಕೊಂಡರೆ, ಕೇಳುವವರಿಗೆ ಅದು ಎಲ್ಲೂ ತುಂಡಾಗದ ಒಂದೇ ದಾರ.

ಮನೋಧರ್ಮದ ಭಾಗ, ಅಂದರೆ ಆ ಕ್ಷಣಕ್ಕೆ ಹುಟ್ಟಿಸಿ ಹಾಡುವ ಭಾಗ, ಬಂದಾಗ ಹಂಚಿಕೊಳ್ಳುತ್ತಾರೆ. ಕಲ್ಯಾಣಿ ರಾಗದ ಆಲಾಪನೆ (ತಾಳವಿಲ್ಲದೆ ರಾಗ ಬಿಡಿಸುವುದು) ಅಂತಿಟ್ಟುಕೊಳ್ಳಿ. ಅಕ್ಕ ಷಡ್ಜದ (ಸ) ಸುತ್ತ ಶುರುಮಾಡಿ ಪಂಚಮದವರೆಗೆ (ಪ) ರಾಗವನ್ನು ಬೆಳೆಸಿ ನಿಲ್ಲಿಸುತ್ತಾಳೆ. ತಂಗಿ ಅಲ್ಲಿಂದ ಎತ್ತಿಕೊಂಡು ಮೇಲಿನ ತಾರಸ್ಥಾಯಿಗೆ ಹೋಗುತ್ತಾಳೆ. ಅಕ್ಕ ಈಗಾಗಲೇ ಹೇಳಿದ್ದನ್ನು ತಂಗಿ ಮತ್ತೆ ಹೇಳಬಾರದು. ಅಕ್ಕ ಮುಟ್ಟದೆ ಬಿಟ್ಟದ್ದನ್ನು ಹುಡುಕಿಕೊಂಡು ಹೋಗಬೇಕು. ಅಕ್ಕನೂ ಎಲ್ಲವನ್ನೂ ತಾನೇ ಹಾಡಿ ಮುಗಿಸಬಾರದು, ಸ್ವಲ್ಪ ಉಳಿಸಿ ಕೊಡಬೇಕು. ಮಧ್ಯೆ ಪಿಟೀಲಿನವರಿಗೂ ಅವರ ಪಾಲು ಬಿಡಬೇಕು.

ಸ್ವರಕಲ್ಪನೆಯಲ್ಲಿ, ಅಂದರೆ ಸ್ವರಗಳ ಹೆಸರನ್ನೇ ಹಾಡುತ್ತಾ ಹೋಗುವಾಗ, ಸರದಿ ಇನ್ನೂ ಚುರುಕು. ಆದಿತಾಳದಲ್ಲಿ ಎಂಟು ಎಣಿಕೆ. ಒಂದು ಎಣಿಕೆಗೆ ನಾಲ್ಕು ಸ್ವರದ ಹಾಗೆ ಹಿಡಿದರೆ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 32 ಸ್ವರ. ಮೊದಲು ಒಬ್ಬೊಬ್ಬರಿಗೆ ಎರಡೆರಡು ಆವರ್ತ. ಆಮೇಲೆ ಒಂದು, ಆಮೇಲೆ ಅರ್ಧ, ಅಂದರೆ 16 ಸ್ವರ. ಆಮೇಲೆ ಎಂಟೇ ಸ್ವರ. ಹೀಗೆ ಚಿಕ್ಕದು ಮಾಡುತ್ತಾ ಹೋಗುವುದಕ್ಕೆ ಕುರೈಪ್ಪು ಅನ್ನುತ್ತೇವೆ. ಎಂಟು ಸ್ವರಕ್ಕೆ ಬಂದಾಗ ಯೋಚನೆ ಮಾಡಲು ಸಮಯವೇ ಇರುವುದಿಲ್ಲ. ಎದುರಿನವರ ಕೊನೆಯ ಸ್ವರ ಕಿವಿಗೆ ಬಿದ್ದ ಕೂಡಲೇ ನಿಮ್ಮ ಬಾಯಿ ತೆರೆದಿರಬೇಕು. ಕೊನೆಯ ಕೋರ್ವೆಯನ್ನು, ಅಂದರೆ ಲೆಕ್ಕ ಹಾಕಿ ಕಟ್ಟಿದ ಮುಕ್ತಾಯವನ್ನು, ಇಬ್ಬರೂ ಸೇರಿ ಹಾಡಿ ಪಲ್ಲವಿಗೆ ಬಂದು ನಿಲ್ಲುತ್ತಾರೆ. ಜನ ಚಪ್ಪಾಳೆ ತಟ್ಟುವುದು ಅಲ್ಲೇ.

ಎರಡು ಗಂಟೆಯ ಕಛೇರಿಯಲ್ಲಿ ರಾಗ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ವರದ ಹೊತ್ತಿನಲ್ಲಿ ಒಬ್ಬೊಬ್ಬರು ನಿಜವಾಗಿ ಹಾಡುವುದು ಕಮ್ಮಿ, ಸುಮ್ನೆ ಕೂತು ಕೇಳಿಸಿಕೊಳ್ಳುವುದೇ ಜಾಸ್ತಿ. ನಾನು ಮಕ್ಕಳಿಗೆ ಅತಿ ಹೆಚ್ಚು ಕಷ್ಟಪಟ್ಟು ಕಲಿಸುವುದು ಆ ಸುಮ್ಮನಿರುವ ಭಾಗವನ್ನೇ. ಹಾಡೋಕೆ ಎಲ್ಲ ಮಕ್ಕಳೂ ಬೇಗ ಕಲಿಯುತ್ತಾರೆ.

ಇಬ್ಬರ ದನಿಯೂ ಒಂದೇ ಥರ ಇರಬೇಕಾ?

ಇದ್ದರೆ ಕೃತಿ ಹಾಡುವಾಗ ಚೆನ್ನ. ಒಡಹುಟ್ಟಿದವರಿಗೆ ಗಂಟಲಿನ ರಚನೆ, ಮಾತಾಡುವ ರೀತಿ, ಮನೆಯ ಭಾಷೆ ಎಲ್ಲ ಹತ್ತಿರ ಹತ್ತಿರ ಇರುವುದರಿಂದ ದನಿಯೂ ಹೊಂದುತ್ತದೆ. ಫೋನಿನಲ್ಲಿ ಅಕ್ಕ ಯಾರು, ತಂಗಿ ಯಾರು ಅಂತ ಗೊತ್ತಾಗುವುದಿಲ್ಲ ಅಲ್ವಾ, ಅದೇ.

ಆದರೆ ಒಂದೇ ಥರ ಇರಲೇಬೇಕು ಅಂತೇನಿಲ್ಲ. ಅಕ್ಕ-ತಂಗಿ ರಂಜನಿ-ಗಾಯತ್ರಿ ಅವರನ್ನು ಕೇಳಿ. ಇಬ್ಬರ ದನಿಗೂ ಬೇರೆ ಬೇರೆ ಬಣ್ಣ ಇದೆ. ಸ್ವಲ್ಪ ದಿನ ಕೇಳಿದರೆ ಕಣ್ಣು ಮುಚ್ಚಿಕೊಂಡೇ ಯಾರು ಹಾಡುತ್ತಿದ್ದಾರೆ ಅಂತ ಹೇಳಬಹುದು. ಅವರು ಮೊದಲು ಪಿಟೀಲು ನುಡಿಸುತ್ತಿದ್ದವರು, ಆಮೇಲೆ ಹಾಡುಗಾರಿಕೆಗೆ ಬಂದವರು. ಬೇರೆಯವರ ಹಾಡನ್ನು ಹಿಂಬಾಲಿಸಿ ನುಡಿಸಿದ ಕಿವಿ ಅದು. ಒಬ್ಬರು ಹಾಡುವಾಗ ಇನ್ನೊಬ್ಬರು ಎಷ್ಟು ಗಮನ ಕೊಡುತ್ತಾರೆ ಅನ್ನೋದರಲ್ಲಿ ಅದು ಕಾಣುತ್ತದೆ.

ಅಣ್ಣ-ತಂಗಿ ಜೋಡಿಯಾಗಿ ಹಾಡಬಹುದಾ?

ಚಿಕ್ಕ ವಯಸ್ಸಿನಲ್ಲಿ ಧಾರಾಳವಾಗಿ. ದೊಡ್ಡವರಾದ ಮೇಲೆ ಶ್ರುತಿಯ ಸಮಸ್ಯೆ ಬರುತ್ತದೆ. ಶ್ರುತಿಯ ಎತ್ತರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಂದು ಕಟ್ಟೆ, ಎರಡು ಕಟ್ಟೆ ಅಂತ ಹೇಳುತ್ತೇವೆ. ಗಂಡಸರು ಸಾಮಾನ್ಯವಾಗಿ ಒಂದು ಕಟ್ಟೆಯಿಂದ ಎರಡರವರೆಗೆ ಇಟ್ಟುಕೊಳ್ಳುತ್ತಾರೆ. ಹೆಂಗಸರು ನಾಲ್ಕರಿಂದ ಐದೂವರೆ. ಅಣ್ಣನದು ಒಂದು, ತಂಗಿಯದು ಐದು ಅಂತಿಟ್ಟುಕೊಳ್ಳಿ. ಅಣ್ಣನ ಪಂಚಮವೇ ತಂಗಿಯ ಷಡ್ಜ. ಮಧ್ಯೆ ಎಲ್ಲೋ ಮೂರು ಕಟ್ಟೆಗೆ ರಾಜಿ ಮಾಡಿಕೊಂಡರೆ ಅಣ್ಣನಿಗೆ ತಾರಸ್ಥಾಯಿ ಕಿರುಚಿದ ಹಾಗಾಗುತ್ತದೆ, ತಂಗಿಗೆ ಮಂದ್ರಸ್ಥಾಯಿ ಕೇಳಿಸುವುದೇ ಇಲ್ಲ. ಇಬ್ಬರ ಗಂಟಲೂ ಕೆಡುತ್ತದೆ. ಇಂಥ ರಾಜಿಗೆ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಹೆಸರಾದ ಜೋಡಿಗಳು ಹೆಚ್ಚಾಗಿ ಅಣ್ಣ-ತಮ್ಮ ಅಥವಾ ಅಕ್ಕ-ತಂಗಿ ಆಗಿರುವುದಕ್ಕೆ ದೊಡ್ಡ ಕಾರಣ ಇದೇ.

ಹಿಂದೂಸ್ತಾನಿಯಲ್ಲಿ ಪಂಡಿತ್ ಜಸರಾಜ್ ಇದಕ್ಕೆ ಒಂದು ಚೆಂದದ ದಾರಿ ಹುಡುಕಿದರು. ಅದಕ್ಕೆ ಜಸರಂಗಿ ಅಂತ ಹೆಸರು. ಗಾಯಕನ ಮಧ್ಯಮವನ್ನು ಗಾಯಕಿ ತನ್ನ ಷಡ್ಜ ಮಾಡಿಕೊಳ್ಳುತ್ತಾಳೆ. ಇಬ್ಬರೂ ಅವರವರ ಶ್ರುತಿಯಲ್ಲಿ ಬೇರೆ ಬೇರೆ ರಾಗ ಹಾಡುತ್ತಾರೆ, ಆದರೆ ಸ್ವರದ ಮನೆಗಳು ಎರಡಕ್ಕೂ ಒಂದೇ. ನಮ್ಮ ಗ್ರಹಭೇದದ, ಅಂದರೆ ಷಡ್ಜದ ಜಾಗ ಬದಲಾಯಿಸುವ, ಲೆಕ್ಕವೇ ಇದು. ಅಣ್ಣ ಒಂದು ಕಟ್ಟೆಯಲ್ಲಿ ಆಭೋಗಿ ಹಾಡಲಿ: ಸ ರಿ ಗ ಮ ದ. ತಂಗಿ ಅದರ ಮಧ್ಯಮವನ್ನು, ಅಂದರೆ ನಾಲ್ಕು ಕಟ್ಟೆಯನ್ನು, ಷಡ್ಜ ಮಾಡಿಕೊಂಡರೆ ಅದೇ ಐದು ಮನೆಗಳು ವಲಜಿ ಆಗುತ್ತವೆ: ಸ ಗ ಪ ದ ನಿ. ಹಾರ್ಮೋನಿಯಂ ಇದ್ದರೆ ಮನೆಯಲ್ಲೇ ಒತ್ತಿ ನೋಡಿ. ನಮ್ಮ ಪಾಠದ ಕೋಣೆಯಲ್ಲಿ ಇದನ್ನು ಮೊದಲ ಸಲ ಮಾಡಿ ತೋರಿಸಿದಾಗ ಒಬ್ಬ ಹುಡುಗ ಎದ್ದು ಬಂದು ಹಾರ್ಮೋನಿಯಂ ಹಿಂದೆ ಬಗ್ಗಿ ನೋಡಿದ.

ಮಗನಿಗೆ ದನಿ ಒಡೆದಿದೆ. ತಮ್ಮನ ಜೊತೆ ಹಾಡೋಕೆ ಆಗ್ತಿಲ್ಲ. ಏನು ಮಾಡೋದು?

ಕಾಯಿರಿ. ಸಾಮಾನ್ಯವಾಗಿ 12ರಿಂದ 15 ವರ್ಷದ ಒಳಗೆ ಗಂಡುಹುಡುಗರ ಗಂಟಲಿನ ಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದ ಆಗುತ್ತವೆ. ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಇಳಿಯುವಾಗ ಬಿರುಕು ಬಿಡುತ್ತದೆ. ಆ ಸಮಯದಲ್ಲಿ ಹಳೆಯ ಶ್ರುತಿಯಲ್ಲೇ ಹಾಡು ಅಂತ ಬಲವಂತ ಮಾಡಬೇಡಿ. ನಾಳೆ ಅಪಾರ್ಟ್‌ಮೆಂಟಿನ ಗಣಪತಿ ಹಬ್ಬಕ್ಕೆ ಇಬ್ಬರೂ ಹಾಡಲೇಬೇಕು ಅಂತ ಹಠ ಹಿಡಿಯಬೇಡಿ.

ಹಾಡು ಕಮ್ಮಿ ಮಾಡಿಸಿ, ತಾಳದ ಪಾಠ ಜಾಸ್ತಿ ಮಾಡಿಸಿ. ಮೃದಂಗವೋ ವೀಣೆಯೋ ಸ್ವಲ್ಪ ಮುಟ್ಟಲಿ. ಹಗುರವಾಗಿ, ಮಧ್ಯಸ್ಥಾಯಿಯಲ್ಲಿ, ದಿನಕ್ಕೆ 15 ನಿಮಿಷ ಸರಳೆ ವರಸೆ ಹಾಡಿದರೆ ಸಾಕು. ತಮ್ಮನ ದನಿ ಒಡೆಯುವ ಹೊತ್ತಿಗೆ ಅಣ್ಣನ ದನಿ ನೆಲೆ ನಿಂತಿರುತ್ತದೆ, ಆಗ ಅಣ್ಣ ಕಾಯಬೇಕು. ಎರಡೂ ದನಿ ನೆಲೆ ನಿಂತ ಮೇಲೆ ಹೊಸ ಶ್ರುತಿ ಹುಡುಕಿಕೊಳ್ಳಬಹುದು.

ಇಬ್ಬರಲ್ಲಿ ಒಬ್ಬಳು ತುಂಬಾ ಚೆನ್ನಾಗಿ ಹಾಡ್ತಾಳೆ, ಇನ್ನೊಬ್ಬಳು ಅಷ್ಟಿಲ್ಲ. ಜೋಡಿ ಮಾಡಬಹುದಾ?

ಅಮ್ಮಂದಿರು ಈ ಪ್ರಶ್ನೆಯನ್ನು ಚಪ್ಪಲಿ ಹಾಕಿಕೊಳ್ಳುವಾಗ, ಮಕ್ಕಳು ಗೇಟಿನಾಚೆ ಹೋದ ಮೇಲೆ, ಮೆಲ್ಲಗೆ ಕೇಳುತ್ತಾರೆ. ನಾನು ಅಷ್ಟೇ ಮೆಲ್ಲಗೆ ಉತ್ತರ ಹೇಳುತ್ತೇನೆ. ಇಬ್ಬರನ್ನೂ ಕೇಳಿ. ಇಬ್ಬರಿಗೂ ಆಸೆ ಇದ್ದರೆ ಮಾಡಿ. ಒಬ್ಬಳಿಗೆ ಮಾತ್ರ ಆಸೆ ಇದ್ದರೆ ಬೇಡ.

ನಮ್ಮ ಮನೆಯಲ್ಲಿ ಚೆನ್ನಾಗಿ ಹಾಡುತ್ತಿದ್ದವಳು ಅಕ್ಕ. ಅವಳದು ತಾರಷಡ್ಜದಲ್ಲೂ ನಡುಗದ ದನಿ. ನನ್ನದು ಸ್ವಲ್ಪ ಕೆಳದನಿ, ಮೇಲಕ್ಕೆ ಹೋದರೆ ತೆಳ್ಳಗಾಗುತ್ತಿತ್ತು. ಆದರೆ ತಾಳದ ಲೆಕ್ಕ ನನಗೆ ಚೆನ್ನಾಗಿ ಹಿಡಿಸುತ್ತಿತ್ತು. ಕೋರ್ವೆ ಕಟ್ಟುವುದು ನನ್ನ ಕೆಲಸ, ಮೇಲಿನ ಸ್ಥಾಯಿ ಅವಳ ಕೆಲಸ ಅಂತ ನಾವೇ ಹಂಚಿಕೊಂಡೆವು. ಯಾರೂ ಹೇಳಿಕೊಟ್ಟದ್ದಲ್ಲ. ಮನೆಯಲ್ಲಿ ಒಬ್ಬರು ರಂಗೋಲಿ ಇಟ್ಟರೆ ಇನ್ನೊಬ್ಬರು ನೀರು ಹಿಡಿಯುತ್ತಿದ್ದೆವಲ್ಲ, ಹಾಗೇ.

ಅಕ್ಕ ಯಾವತ್ತೂ ತನ್ನ ಸರದಿಯನ್ನು ಉದ್ದ ಮಾಡಿ ನನ್ನನ್ನು ಕೂರಿಸಲಿಲ್ಲ. ಒಂದು ಸಲ ಬಂಧುಗಳ ಮನೆಯ ನವರಾತ್ರಿ ಗೊಂಬೆ ಆರತಿಗೆ ಹಾಡಿದೆವು. ಬಂದವರೊಬ್ಬರು ನನ್ನೆದುರೇ, ‘ದೊಡ್ಡವಳೊಬ್ಬಳೇ ಹಾಡಿದ್ರೆ ಇನ್ನೂ ಚೆನ್ನಾಗಿರೋದು’ ಅಂದರು. ಅಕ್ಕ ಅವರಿಗೆ ಉತ್ತರ ಕೊಡಲಿಲ್ಲ. ಮಾರನೇ ದಿನದ ಅಭ್ಯಾಸದಲ್ಲಿ ರಾಗ ಆಲಾಪನೆಯ ಮೊದಲ ಭಾಗವನ್ನು ನನಗೆ ಕೊಟ್ಟಳು. ಅದುವರೆಗೆ ಶುರು ಮಾಡುತ್ತಿದ್ದುದು ಯಾವಾಗಲೂ ಅವಳೇ. ಮಂದ್ರದಲ್ಲಿ ನನ್ನ ದನಿ ಚೆನ್ನಾಗಿ ಕೇಳಿಸುತ್ತದೆ ಅಂತ ಅವಳಿಗೆ ಗೊತ್ತಿತ್ತು. ರಕ್ತಸಂಬಂಧಕ್ಕೆ ಬೆಲೆ ಇದೆ ಅಂತ ಮೇಲೆ ಹೇಳಿದ್ದು ಇದಕ್ಕೇ. ಇಷ್ಟು ಚೆನ್ನಾಗಿ ನನ್ನ ಗಂಟಲನ್ನು ನಮ್ಮ ಗುರುಗಳೂ ತಿಳಿದಿರಲಿಲ್ಲ.

ಹೋಲಿಸಿ ಮಾತಾಡುವುದನ್ನು ಮಾತ್ರ ಮನೆಯವರು ಬಿಡಬೇಕು. ಕಾರಿನಲ್ಲಿ ವಾಪಸ್ ಬರುವಾಗ ‘ಇವತ್ತು ನೀನೇ ಚೆನ್ನಾಗಿ ಹಾಡಿದೆ’ ಅಂತ ಒಬ್ಬಳಿಗೆ ಹೇಳಿದರೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬಳು ಕಿಟಕಿ ಕಡೆ ತಿರುಗಿ ಕೂತಿರುತ್ತಾಳೆ. ಅವಳನ್ನು ಮತ್ತೆ ಪಾಠದ ಚಾಪೆಗೆ ತರುವುದು ನನಗೆ ತಿಂಗಳುಗಟ್ಟಲೆ ಕೆಲಸ.

ಹಾಡುತ್ತಿರುವಾಗ ಒಬ್ಬರು ಮರೆತರೆ, ತಪ್ಪಿದರೆ?

ಇನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಜೋಡಿಯ ದೊಡ್ಡ ಸುಖ ಇದು. ಸಾಹಿತ್ಯ ಮರೆತವರು ಬಾಯಿ ಮುಚ್ಚಿ ತಾಳ ಹಾಕುತ್ತಿದ್ದರೆ ಸಾಕು, ಒಂದು ಸಾಲಿನ ಮೇಲೆ ಸೇರಿಕೊಳ್ಳಬಹುದು. ತಪ್ಪಿದವರನ್ನು ವೇದಿಕೆಯ ಮೇಲೆ ತಿರುಗಿ ನೋಡಬಾರದು ಅಂತ ನಮ್ಮ ಗುರುಗಳ ಕಟ್ಟಪ್ಪಣೆ ಇತ್ತು. ನಾನೂ ಅದನ್ನೇ ಹೇಳುತ್ತೇನೆ.

ಒಂದು ಬೀದಿಯ ಪೆಂಡಾಲಿನಲ್ಲಿ ನಾವು ಹಾಡುವಾಗ ಕರೆಂಟ್ ಹೋಯಿತು. ಮೈಕ್ ಹೋಯಿತು, ಅದರ ಜೊತೆ ಎಲೆಕ್ಟ್ರಾನಿಕ್ ತಂಬೂರಿಯೂ ಹೋಯಿತು. ನಾನು ಆಲಾಪನೆಯ ಮಧ್ಯೆ ಇದ್ದೆ. ಸುತ್ತ ಕತ್ತಲು, ಕಾಲಿನ ಕೆಳಗಿನ ನೆಲವೇ ಜಾರಿದ ಹಾಗಾಯಿತು. ಎರಡು ಸೆಕೆಂಡ್ ಆಗಿರಬಹುದು. ಪಕ್ಕದಿಂದ ಅಕ್ಕ ಬಾಯಿ ಮುಚ್ಚಿಕೊಂಡೇ ಷಡ್ಜ ಹಿಡಿದಳು. ತುಂಬಾ ಮೆಲ್ಲಗೆ. ಉಸಿರು ಮುಗಿದಾಗ ನಿಲ್ಲಿಸಿ ಮತ್ತೆ ಹಿಡಿದಳು. ಪಿಟೀಲಿನವರು ಅದಕ್ಕೆ ತಮ್ಮ ಷಡ್ಜ ಸೇರಿಸಿದರು. ಜನರೇಟರ್ ಶುರುವಾಗುವವರೆಗೂ ನಮ್ಮಕ್ಕನೇ ನನ್ನ ತಂಬೂರಿ. ದೀಪ ಬಂದಾಗ ಅವಳ ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು, ಬಲಗೈ ಮಾತ್ರ ತೊಡೆಯ ಮೇಲೆ ಹಾಗೇ ಇತ್ತು.

ಒಂದೇ ಬಣ್ಣದ ಸೀರೆ ಉಡಬೇಕಾ?

ಬೇಕಿಲ್ಲ. ಉಟ್ಟರೆ ನೋಡೋಕೆ ಚೆನ್ನ.

ಮನೆಯಲ್ಲಿ ಅಭ್ಯಾಸ ಹೇಗೆ ಮಾಡಿಸಬೇಕು?

ಮೊದಲು ಒಬ್ಬೊಬ್ಬರೇ, ಆಮೇಲೆ ಒಟ್ಟಿಗೆ. ಒಟ್ಟಿಗೆ ಮಾತ್ರ ಹಾಡಿ ಅಭ್ಯಾಸವಾದರೆ ಒಬ್ಬರು ಇನ್ನೊಬ್ಬರ ದನಿಗೆ ಒರಗಿಕೊಳ್ಳುತ್ತಾರೆ. ಒಂದು ವರ್ಣವನ್ನು (ಅಭ್ಯಾಸಕ್ಕೆ ಕಲಿಸುವ ಹಾಡನ್ನು) ಒಬ್ಬೊಬ್ಬರೇ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ತಪ್ಪಿಲ್ಲದೆ ಹಾಡಿದ ಮೇಲೆ ಜೊತೆಗೆ ಹಾಡಿಸಿ. ಆಮೇಲೆ ಒಂದು ಆವರ್ತ ಅಕ್ಕ, ಒಂದು ಆವರ್ತ ತಂಗಿ. ಮಧ್ಯೆ ತಾಳ ನಿಲ್ಲಬಾರದು. ಆಟದ ಹಾಗೆ ಮಕ್ಕಳಿಗೆ ಇಷ್ಟವಾಗುತ್ತದೆ.

ಶ್ರುತಿ ಇಲ್ಲದೆ ಒಂದು ದಿನವೂ ಬೇಡ. ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ರೂಪಿಸಿದವರು ನಮ್ಮ ಬೆಂಗಳೂರಿನವರೇ ಆದ ಜಿ. ರಾಜ್ ನಾರಾಯಣ್. ಈಗ ಫೋನಿನಲ್ಲೂ ಆ್ಯಪ್ ಇದೆ. ಆದರೂ ವಾರಕ್ಕೊಂದು ಸಲ ನಿಜವಾದ ತಂಬೂರಿ ಮೀಟಿಕೊಂಡು ಹಾಡಿದರೆ ಕಿವಿಗೆ ಒಳ್ಳೆಯದು. ಒಬ್ಬರು ಮೀಟಲಿ, ಇನ್ನೊಬ್ಬರು ಹಾಡಲಿ. ಕೂತು ಕೇಳಿಸಿಕೊಳ್ಳುವ ಅಭ್ಯಾಸ ಅಲ್ಲೇ ಶುರು.

ಹಿಂದೂಸ್ತಾನಿಯಲ್ಲೂ ಇಂಥ ಜೋಡಿಗಳು ಇದ್ದಾರಾ?

ಇದ್ದಾರೆ. ಧ್ರುಪದ ಶೈಲಿಯಲ್ಲಿ ಡಾಗರ್ ಮನೆತನದ್ದು ವಿಶೇಷ. ನಾಲ್ವರು ಅಣ್ಣತಮ್ಮಂದಿರು, ಎರಡು ಜೋಡಿ. ದೊಡ್ಡವರು ಮೊಯಿನುದ್ದೀನ್ ಮತ್ತು ಅಮೀನುದ್ದೀನ್, ಚಿಕ್ಕವರು ಜಹೀರುದ್ದೀನ್ ಮತ್ತು ಫೈಯಾಜುದ್ದೀನ್. ಖಯಾಲ್ ಶೈಲಿಯಲ್ಲಿ ಬನಾರಸ್‌ನ ರಾಜನ್-ಸಾಜನ್ ಮಿಶ್ರಾ. ಇವರಿಗೆ 2007ರಲ್ಲಿ ಪದ್ಮಭೂಷಣ ಬಂತು. ತೇಜಪಾಲ್ ಸಿಂಗ್ ಮತ್ತು ಸುರಿಂದರ್ ಸಿಂಗ್ ಅವರನ್ನು ಸಿಂಗ್ ಬಂಧು ಅಂತ ಕರೆಯುತ್ತಾರೆ. ಅಲ್ಲಿ ಒಂದೇ ರಾಗವನ್ನು ಒಂದು ಗಂಟೆ ಹಾಡುವುದರಿಂದ ಇಬ್ಬರ ನಡುವಿನ ಹಂಚಿಕೆ ಇನ್ನೂ ನಿಧಾನ, ಇನ್ನೂ ವಿವರ.

ಮದುವೆಯಾದ ಮೇಲೆ ಜೋಡಿ ಮುಂದುವರಿಯುತ್ತಾ?

ಗಂಡುಮಕ್ಕಳದು ಸಾಮಾನ್ಯವಾಗಿ ಮುಂದುವರಿಯುತ್ತದೆ. ಹೆಣ್ಣುಮಕ್ಕಳದು ಎರಡು ಮನೆಯವರೂ ಮನಸ್ಸು ಮಾಡಿದರೆ ಮಾತ್ರ. ಬಾಂಬೆ ಸಿಸ್ಟರ್ಸ್ ದಶಕಗಟ್ಟಲೆ ಒಟ್ಟಿಗೆ ಹಾಡಿದರು. 2010ರಲ್ಲಿ ಇಬ್ಬರಿಗೂ ಸೇರಿ ಸಂಗೀತ ಕಲಾನಿಧಿ ಬಂತು. ನಮ್ಮದು ಮುಂದುವರಿಯಲಿಲ್ಲ. ಅಕ್ಕ ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದಳು. ಹೆಣ್ಣು ನೋಡಲು ಬಂದಾಗ ‘ಹಾಡು ಬರುತ್ತಾ’ ಅಂತ ಕೇಳುವವರು ಮದುವೆ ಆದ ಮೇಲೆ ಹಾಡಲು ಸಮಯವನ್ನೂ ಕೊಡಬೇಕು. ಇದನ್ನು ನಾನು ಕೇಳಿದವರಿಗೆಲ್ಲ ಗಟ್ಟಿಯಾಗಿಯೇ ಹೇಳುತ್ತೇನೆ.

ಜೋಡಿಯಲ್ಲಿ ಒಬ್ಬರು ಹೋಗಿಬಿಟ್ಟರೆ ಇನ್ನೊಬ್ಬರು ಹಾಡುತ್ತಾರಾ?

ಹಾಡಿದ್ದಾರೆ. 1966ರಲ್ಲಿ ಮೊಯಿನುದ್ದೀನ್ ಡಾಗರ್ ತೀರಿಕೊಂಡ ಮೇಲೆ ತಮ್ಮ ಅಮೀನುದ್ದೀನ್ ಒಬ್ಬರೇ ಹಾಡುತ್ತಾ ಬಂದರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ರಾಜನ್ ಮಿಶ್ರಾ ಅವರನ್ನು ಕರೆದುಕೊಂಡು ಹೋಯಿತು. ಸಾಜನ್ ಮಿಶ್ರಾ ಈಗ ಮಗ ಸ್ವರಾಂಶ್ ಜೊತೆ ಹಾಡುತ್ತಾರೆ. ಬಾಂಬೆ ಸಿಸ್ಟರ್ಸ್‌ನ ಲಲಿತಾ 2023ರ ಜನವರಿಯಲ್ಲಿ ತೀರಿಕೊಂಡರು. ಆ ದಿನ ಪಾಠದಲ್ಲಿ ಅವರಿಬ್ಬರ ಹಳೆಯ ಧ್ವನಿಮುದ್ರಣ ಹಾಕಿದೆ. ಮಕ್ಕಳು ಎಂದಿನ ಹಾಗೆ ಕೂತು ಕೇಳಿದರು. ನಾನು ಮಾತ್ರ ಒಳಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

ಬೆಂಗಳೂರಿನಲ್ಲಿ ಎಲ್ಲಿ ಕೇಳಬಹುದು?

ರಾಮನವಮಿ ಸಮಯಕ್ಕೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ. ಶ್ರೀರಾಮಸೇವಾ ಮಂಡಳಿಯ ಉತ್ಸವ 1939ರಿಂದ ನಡೆದುಕೊಂಡು ಬಂದಿದೆ. ದೇಶದ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಅಲ್ಲಿ ಹಾಡಿದ್ದಾರೆ. ಪೆಂಡಾಲಿನಲ್ಲಿ ಸೆಖೆ ಇರುತ್ತದೆ, ಹೊರಗಿನ ರಸ್ತೆಯ ಹಾರ್ನ್ ಕೇಳಿಸುತ್ತದೆ, ಆದರೂ ಅಲ್ಲಿ ಕೇಳುವ ಸುಖವೇ ಬೇರೆ. ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ ನೂರು ವರ್ಷ ದಾಟಿದ ಸಂಸ್ಥೆ. ವರ್ಷವಿಡೀ ಏನಾದರೂ ಕಾರ್ಯಕ್ರಮ ಇರುತ್ತದೆ. ವೈಯಾಲಿಕಾವಲ್‌ನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವಿದೆ, 1980ರಲ್ಲಿ ಕಟ್ಟಿದ್ದು. ಬನಶಂಕರಿ ಎರಡನೇ ಹಂತದ ಶ್ರೀರಾಮ ಲಲಿತಕಲಾ ಮಂದಿರ, ಮಲ್ಲೇಶ್ವರದ ಅನನ್ಯ ಸಂಸ್ಥೆ ಕೂಡ ಕಛೇರಿ ನಡೆಸುತ್ತವೆ. ನಿಮ್ಮ ಬಡಾವಣೆಯ ರಾಮಮಂದಿರದ ಬೋರ್ಡನ್ನೂ ನೋಡುತ್ತಿರಿ. ಒಳ್ಳೆಯ ಎಳೆಯ ಜೋಡಿಗಳನ್ನು ನಾನು ಮೊದಲು ಕೇಳಿದ್ದು ಅಲ್ಲೇ, ಕೋಸಂಬರಿ ದೊನ್ನೆ ಕೈಯಲ್ಲಿ ಹಿಡಿದುಕೊಂಡು.

ಮಕ್ಕಳನ್ನು ಮೊದಲ ಸಲ ಜೋಡಿ ಕಛೇರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಏನು ನೋಡಲು ಹೇಳಲಿ?

ವೇದಿಕೆ ಚೆನ್ನಾಗಿ ಕಾಣುವ ಜಾಗದಲ್ಲಿ ಕೂರಿಸಿ. ರಾಗ ಶುರುವಾದಾಗ ಹಾಡುತ್ತಿರುವವರನ್ನು ಬಿಟ್ಟು ಪಕ್ಕದವರನ್ನು ನೋಡಲು ಹೇಳಿ. ಅವರ ತಲೆ ಯಾವಾಗ ಆಡುತ್ತದೆ, ತುಟಿ ಎಲ್ಲಿ ತಾನಾಗಿ ಬಿಚ್ಚುತ್ತದೆ, ನೆರವಲ್ ಬಂದಾಗ ಬಲಗೈ ತಾಳವನ್ನು ಹೇಗೆ ಎಣಿಸುತ್ತಿರುತ್ತದೆ ಅಂತ. ಅಕ್ಕನಿಂದ ತಂಗಿಗೆ ಸರದಿ ದಾಟುವ ಕ್ಷಣವನ್ನು ಮೊದಲೇ ಊಹಿಸಲು ಹೇಳಿ. ನಮ್ಮಕ್ಕ ಸರದಿ ಬಿಟ್ಟುಕೊಡುವ ಮುಂಚೆ ಬಲಗೈಯ ಕಿರುಬೆರಳನ್ನು ತೊಡೆಯ ಮೇಲೆ ಒಂಚೂರು ಜಾಸ್ತಿ ಹೊತ್ತು ಒತ್ತಿ ಹಿಡಿಯುತ್ತಿದ್ದಳು. ಪ್ರತಿ ಜೋಡಿಗೂ ಇಂಥದ್ದೊಂದು ಗುರುತು ಇರುತ್ತದೆ. ಅದನ್ನು ಕಂಡುಹಿಡಿದವರಿಗೆ ವಾಪಸ್ ಬರುವಾಗ ಗಾಂಧಿಬಜಾರಿನಲ್ಲಿ ದೋಸೆ ಕೊಡಿಸಿ.